ಗಾಳಿ ಇಲ್ಲದ ಟಯರು: ಪಂಕ್ಚರ್ ತಪ್ಪುತ್ತೆ ಸರಿ, ತುಳಿಯೋರು ಯಾರು?

ಮೊಳೆ ಹೊಡೆದ ಹಲಗೆಯ ಮೇಲೆ ಸೈಕಲ್ ಓಡಿಸಿ, ‘ನೋಡಿ, ಏನೂ ಆಗಿಲ್ಲ’ ಅಂತ ತೋರಿಸೋ ವಿಡಿಯೋಗಳು ಈಗ ಎಲ್ಲರ ಮೊಬೈಲಿಗೂ ಬರ್ತಾ ಇವೆ. ಟ್ಯೂಬ್ ಇಲ್ಲ, ವಾಲ್ವ್ ಇಲ್ಲ, ಗಾಳಿ ಹೊಡೆಯೋ ಕೆಲಸವೂ ಇಲ್ಲ. ಟಯರಿನ ಒಳಗೆ ಜೇನುಗೂಡಿನ ಹಾಗೆ ತೂತು ಬಿಟ್ಟ ರಬ್ಬರ್, ಇಲ್ಲದಿದ್ದರೆ ಚಪ್ಪಲಿಯ ಅಡಿಗೆ ಹಾಕುವಂಥ ಗಟ್ಟಿ ಫೋಮ್. ನಮ್ಮ ಕೊಕ್ಕಡದ ಕಡೆ ಇದನ್ನು ನೋಡಿದ ಗೆಳೆಯರು ಕೇಳೋ ಪ್ರಶ್ನೆ ಒಂದೇ: ‘ಸರ್ಕಾರ ಶಾಲೆ ಮಕ್ಕಳಿಗೆ ಮತ್ತೆ ಸೈಕಲ್ ಕೊಡುದಾದ್ರೆ ಈ ಟಯರನ್ನೇ ಹಾಕಿ ಕೊಡ್ಲಿಕ್ಕೆ ಆಗುದಿಲ್ವಾ ಮಾರಾಯ್ರೆ? ಪಂಕ್ಚರಿನ ರಗಳೆಯೇ ಉಂಟಾಗುದಿಲ್ಲ.’

ಪ್ರಶ್ನೆ ಸಣ್ಣದಲ್ಲ. ಪಂಕ್ಚರ್ ಆದ ಸೈಕಲ್ಲನ್ನು ಮೂರು ಕಿಲೋಮೀಟರ್ ತಳ್ಳಿಕೊಂಡು ಹೋದ ಮಗುವಿಗೆ ಅದು ತಮಾಷೆಯ ವಿಷಯ ಅಲ್ಲ. ಮೊದಲ ಪೀರಿಯಡ್ ತಪ್ಪುತ್ತೆ, ಸಂಜೆ ಮನೆ ಮುಟ್ಟುವಾಗ ಕತ್ತಲಾಗುತ್ತೆ, ಎರಡು ಸಲ ಹೀಗಾದ ಮೇಲೆ ಸೈಕಲ್ ಕೊಟ್ಟಿಗೆಯ ಗೋಡೆಗೆ ಒರಗಿದ್ದು ಅಲ್ಲೇ ಉಳಿಯುತ್ತೆ. ಹಾಗಾಗಿ ‘ಪಂಕ್ಚರ್ ಆಗದ ಟಯರು’ ಅನ್ನೋ ಮಾತಿಗೆ ಆಸೆ ಹುಟ್ಟೋದು ಸಹಜ.

ಆದರೂ ನನ್ನ ಉತ್ತರ ‘ಬೇಡ’ ಅಂತಲೇ. ಇಂಥ ಟಯರಿಗೆ ಸರಿಯಾದ ಜಾಗಗಳಿವೆ, ಅದನ್ನೂ ಹೇಳ್ತೇನೆ. ಆದರೆ ದಿನಾ ಏರು ಹತ್ತಿ ಶಾಲೆಗೆ ಹೋಗೋ 13 ವರ್ಷದ ಮಗುವಿನ ಸೈಕಲ್ ಆ ಜಾಗ ಅಲ್ಲ. ರಿಪೇರಿಯ ಖರ್ಚು ತಪ್ಪಿಸೋಕೆ ಹೋಗಿ ಆ ಖರ್ಚನ್ನು ಮಗುವಿನ ಕಾಲಿಗೆ ವರ್ಗಾಯಿಸೋದು ಎಂಥ ನ್ಯಾಯ ಅನ್ನೋದೇ ಇಲ್ಲಿರೋ ಪ್ರಶ್ನೆ.

ಟಯರಿನೊಳಗೆ ಗಾಳಿ ಬಂದದ್ದು ಯಾಕೆ?

‘ಗಾಳಿ ಇಲ್ಲದ ಟಯರು ಹೊಸ ತಂತ್ರಜ್ಞಾನ’ ಅಂತ ಮಾರ್ತಾರೆ. ಚರಿತ್ರೆ ನೋಡಿದರೆ ಇದು ಉಲ್ಟಾ. ಸೈಕಲ್ಲಿನ ಮೊದಲ ಟಯರುಗಳೆಲ್ಲ ಗಾಳಿ ಇಲ್ಲದವೇ. 1860ರ ದಶಕದ ಸೈಕಲ್ಲುಗಳಿಗೆ ಮರದ ಚಕ್ರ, ಅದಕ್ಕೆ ಕಬ್ಬಿಣದ ಪಟ್ಟಿ. ಇಂಗ್ಲೆಂಡಿನ ಜನ ಅದಕ್ಕೆ ‘ಬೋನ್‌ಶೇಕರ್’ ಅಂತ ಹೆಸರಿಟ್ಟಿದ್ದರು, ಮೂಳೆ ಅಲುಗಾಡಿಸೋ ಗಾಡಿ ಅಂತ. ಆಮೇಲೆ ಗಟ್ಟಿ ರಬ್ಬರಿನ ಟಯರು ಬಂತು. ಸದ್ದು ಕಡಿಮೆಯಾಯಿತು, ಕುಲುಕಾಟ ಮಾತ್ರ ಪೂರ್ತಿ ಹೋಗಲಿಲ್ಲ.

ಗಾಳಿ ತುಂಬಿದ ಟಯರಿಗೆ ಸ್ಕಾಟ್ಲೆಂಡಿನ ರಾಬರ್ಟ್ ವಿಲಿಯಂ ಥಾಮ್ಸನ್ 1845ರಲ್ಲೇ ಪೇಟೆಂಟ್ ಪಡೆದಿದ್ದರು. ಅದು ಬಳಕೆಗೆ ಬರಲಿಲ್ಲ. 1888ರಲ್ಲಿ ಬೆಲ್‌ಫಾಸ್ಟ್‌ನಲ್ಲಿದ್ದ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ತನ್ನ ಮಗನ ಮೂರು ಚಕ್ರದ ಸೈಕಲ್ಲಿಗೆ ಅದನ್ನು ಇನ್ನೊಮ್ಮೆ ಕಂಡುಹಿಡಿದರು. ಮರುವರ್ಷ, 1889ರಲ್ಲಿ, ವಿಲ್ಲಿ ಹ್ಯೂಮ್ ಅನ್ನೋ ಸವಾರ ಈ ಟಯರು ಹಾಕಿಕೊಂಡು ಬೆಲ್‌ಫಾಸ್ಟಿನ ರೇಸುಗಳಲ್ಲಿ ಗೆದ್ದರು. ಅಲ್ಲಿಗೆ ಗಟ್ಟಿ ಟಯರಿನ ಕಾಲ ಮುಗಿಯುತ್ತಾ ಬಂತು. 1891ರಲ್ಲಿ ಮಿಶೆಲಿನ್ ಸಹೋದರರು ಚಕ್ರದಿಂದ ಸುಲಭವಾಗಿ ಬಿಚ್ಚಿ ಪಂಕ್ಚರ್ ಹಾಕಬಹುದಾದ ಟಯರು ತಂದರು. ಗಾಳಿ ಟಯರು ಗೆಲ್ಲೋದಕ್ಕೂ ಅದನ್ನು ರಿಪೇರಿ ಮಾಡೋ ದಾರಿ ಸಿಗೋದಕ್ಕೂ ನಡುವೆ ಎರಡು ಮೂರು ವರ್ಷ ಅಷ್ಟೇ. ಈ ಎರಡನ್ನೂ ಒಟ್ಟಿಗೇ ನೋಡಬೇಕು. ಗಾಳಿ ಟಯರು ಮೊದಲಿಂದಲೂ ರಿಪೇರಿ ವ್ಯವಸ್ಥೆಯ ಜೊತೆಗೇ ಬದುಕಿದ್ದು.

ಗೆದ್ದದ್ದು ಯಾಕೆ? ಟಯರು ನೆಲಕ್ಕೆ ತಾಗೋ ಕಡೆ ಪ್ರತಿ ಸುತ್ತಿನಲ್ಲೂ ಅದುಮಿಕೊಳ್ಳುತ್ತೆ, ಮತ್ತೆ ಮೊದಲಿನ ಆಕಾರಕ್ಕೆ ಬರುತ್ತೆ. ಅದುಮಲು ನಾವು ಕೊಟ್ಟ ಶಕ್ತಿಯನ್ನು ಗಾಳಿ ಬಹುತೇಕ ಪೂರ್ತಿ ವಾಪಸ್ ಕೊಡುತ್ತೆ, ಅದಕ್ಕಿಂತ ಒಳ್ಳೆ ಸ್ಪ್ರಿಂಗ್ ಸಿಗೋದು ಕಷ್ಟ. ಗಟ್ಟಿ ಫೋಮ್ ಹಾಗಲ್ಲ, ಅದುಮಿದ ಶಕ್ತಿಯಲ್ಲಿ ದೊಡ್ಡ ಪಾಲನ್ನು ಬಿಸಿಯಾಗಿ ಕಳೆದುಬಿಡುತ್ತೆ. ರಬ್ಬರ್ ಟ್ಯಾಪಿಂಗ್ ಮಾಡೋ ಮನೆಗಳು ನಮ್ಮ ಬೆಳ್ತಂಗಡಿ ತಾಲೂಕಲ್ಲಿ ಬೇಕಾದಷ್ಟಿವೆ, ಅವರಿಗೆ ಇದು ಬಿಡಿಸಿ ಹೇಳಬೇಕಾಗಿಲ್ಲ. ನೈಸರ್ಗಿಕ ರಬ್ಬರಿನ ಬೆಲೆ ಇರೋದೇ ಎಳೆದಷ್ಟೂ ಹಿಂದಕ್ಕೆ ಬರೋ ಗುಣದಲ್ಲಿ. ತೆಳ್ಳಗಿನ ರಬ್ಬರ್ ಕವಚ, ಒಳಗೆ ಗಾಳಿ. ಈ ಜೋಡಿಯನ್ನು ಸೋಲಿಸೋ ಗಟ್ಟಿ ವಸ್ತು 130 ವರ್ಷ ಕಳೆದರೂ ಸಾಮಾನ್ಯ ಸೈಕಲ್ಲಿನ ಬೆಲೆಗೆ ಸಿಕ್ಕಿಲ್ಲ.

ಹತ್ತು ಮಹಡಿಯ ಲೆಕ್ಕ

‘ಸ್ವಲ್ಪ ಹೆಚ್ಚು ತುಳಿದರಾಯ್ತು, ಏನೀಗ?’ ಅನ್ನೋರಿಗೆ ಒಂದು ಲೆಕ್ಕ ಇಡ್ತೇನೆ. ಅಂಕಿಗಳು ಅಂದಾಜಿಗೆ ಇಟ್ಟುಕೊಂಡವು, ಬೇಕಾದರೆ ನಿಮ್ಮದೇ ಅಂಕಿ ಹಾಕಿ ನೋಡಿ.

ಡಾಂಬರು ರಸ್ತೆಯಲ್ಲಿ ಸರಿಯಾಗಿ ಗಾಳಿ ತುಂಬಿದ ಸಾಧಾರಣ ಟಯರು ಉರುಳುವಾಗ ಹಿಂದಕ್ಕೆಳೆಯೋ ಬಲ, ಸೈಕಲ್ ಮತ್ತು ಸವಾರರ ಒಟ್ಟು ಭಾರದ ಶೇ. 0.8 ಅಂತ ಇಟ್ಟುಕೊಳ್ಳೋಣ. ಅಗ್ಗದ ಗಟ್ಟಿ ಟಯರಿನಲ್ಲಿ ಅದು ದುಪ್ಪಟ್ಟು, ಶೇ. 1.6 ಅನ್ನೋಣ. ವ್ಯತ್ಯಾಸ ಶೇ. 0.8. ಅಂದರೆ ಪ್ರತಿ 100 ಮೀಟರ್ ಸಮತಟ್ಟು ರಸ್ತೆಯಲ್ಲಿ ಮಗು 80 ಸೆಂಟಿಮೀಟರ್ ಎತ್ತರದ ಇಲ್ಲದ ಏರನ್ನು ಹತ್ತುತ್ತೆ. ಶಾಲೆ 4 ಕಿಲೋಮೀಟರ್ ದೂರ ಇದ್ದರೆ 32 ಮೀಟರ್, ಹೆಚ್ಚುಕಮ್ಮಿ ಹತ್ತು ಮಹಡಿಯ ಕಟ್ಟಡ. ಹೋಗಿ ಬರೋದಕ್ಕೆ 64 ಮೀಟರ್. ವರ್ಷಕ್ಕೆ 220 ದಿನ ಶಾಲೆ ಅಂದರೆ 14,080 ಮೀಟರ್. ನಮ್ಮ ಕುದುರೆಮುಖ ಶಿಖರದ ಎತ್ತರ ಸುಮಾರು 1,890 ಮೀಟರ್. ಅದನ್ನು ಸಮುದ್ರಮಟ್ಟದಿಂದ ಏಳು ಸಲ ಹತ್ತಿದಷ್ಟು ಹೆಚ್ಚುವರಿ ಶ್ರಮ, ಪುಸ್ತಕದ ಚೀಲ ಬೆನ್ನಿಗಿಟ್ಟುಕೊಂಡು. ಇದು ಗುಡ್ಡದ ನಿಜವಾದ ಏರುಗಳನ್ನು ಲೆಕ್ಕಕ್ಕೇ ಹಿಡಿಯದೆ.

ಇಲ್ಲಿ ಒಂದು ನ್ಯಾಯವಾದ ಆಕ್ಷೇಪ ಇದೆ. ನಮ್ಮ ಮಕ್ಕಳ ಸೈಕಲ್ಲಿನಲ್ಲಿ ಗಾಳಿ ಸರಿಯಾಗಿ ಇರೋದು ಯಾವಾಗ? ಅರ್ಧ ಗಾಳಿಯ ಟಯರು ಕೂಡ ಹೀಗೇ ಹಿಂದಕ್ಕೆಳೆಯುತ್ತೆ. ಹಾಗಿದ್ದಾಗ ಗಟ್ಟಿ ಟಯರಿನಿಂದ ಕಳಕೊಳ್ಳೋದೇನು? ಮಾತು ನಿಜ. ಆದರೆ ಅರ್ಧ ಗಾಳಿಗೆ ಮದ್ದು ಒಂದು ಪಂಪು. ಎರಡು ನಿಮಿಷ ಹೊಡೆದರೆ ಆ ಹೊರೆ ಹೋಗುತ್ತೆ. ಗಟ್ಟಿ ಟಯರಿನ ಹೊರೆ ಟಯರು ಸವೆದು ಎಸೆಯೋವರೆಗೂ ಹೋಗೋದಿಲ್ಲ.

ದುಬಾರಿ ಗಾಳಿರಹಿತ ಟಯರುಗಳಲ್ಲಿ ಇದಕ್ಕಿಂತ ಹಗುರವಾಗಿ ಉರುಳುವವು ಇವೆ, ಒಪ್ಪೋಣ. 2017ರಲ್ಲಿ ಜಪಾನಿನ ಬ್ರಿಡ್ಜ್‌ಸ್ಟೋನ್ ಕಂಪನಿ ಕಡ್ಡಿಗಳೇ ಸ್ಪ್ರಿಂಗಿನ ಹಾಗೆ ಬಾಗೋ ಸೈಕಲ್ ಚಕ್ರದ ಮಾದರಿ ತೋರಿಸಿತು. ದಕ್ಷಿಣ ಕೊರಿಯಾದ ಟ್ಯಾನಸ್ ಕಂಪನಿ ಫೋಮ್ ಟಯರುಗಳನ್ನು ವರ್ಷಗಳಿಂದ ಮಾರ್ತಾ ಇದೆ. ಆದರೆ ಸರ್ಕಾರಿ ಟೆಂಡರಿನಲ್ಲಿ ಗೆಲ್ಲೋದು ಯಾರು ಅಂತ ನಮಗೆಲ್ಲ ಗೊತ್ತು. ಕಡಿಮೆ ಬೆಲೆ ಕೂಗಿದವರು. ‘ಗಾಳಿರಹಿತ ಟಯರು’ ಅಂತ ಒಂದು ಸಾಲು ಷರತ್ತಿನಲ್ಲಿ ಬರೆದರೆ ಮಕ್ಕಳ ಕೈಗೆ ಬರೋದು ವಿಡಿಯೋದಲ್ಲಿ ಕಂಡ ಟಯರಲ್ಲ, ಆ ಹೆಸರಿನ ಅತಿ ಅಗ್ಗದ ಟಯರು.

ಕೊಕ್ಕಡದ ರಸ್ತೆ ಮೇಲೆ

ಲೆಕ್ಕ ಡಾಂಬರು ರಸ್ತೆಯದ್ದಾಯಿತು. ಈಗ ನಮ್ಮ ರಸ್ತೆಗೆ ಬನ್ನಿ.

ಕೊಕ್ಕಡ, ನಿಡ್ಲೆ, ಪಟ್ರಮೆ, ಶಿಶಿಲ, ಶಿಬಾಜೆ, ಅರಸಿನಮಕ್ಕಿ. ಈ ಊರುಗಳಲ್ಲಿ ಮನೆಗಳು ಒಂದು ಕಡೆ ಗುಂಪಾಗಿ ಇರೋದಿಲ್ಲ. ಒಂದು ಮನೆ ಗುಡ್ಡೆಯ ಬದಿಯಲ್ಲಿ, ಇನ್ನೊಂದು ತೋಟದ ಆಚೆ, ನಡುವೆ ಒಂದು ತೋಡು, ಅದಕ್ಕೊಂದು ಕಾಲುಸಂಕ. ಮುಖ್ಯರಸ್ತೆ ಡಾಂಬರು, ಒಳರಸ್ತೆ ಕೆಲವು ಕಡೆ ಕಾಂಕ್ರೀಟು, ಉಳಿದದ್ದು ಮುರಕಲ್ಲಿನ ಮಣ್ಣು. ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ, ಅದರಲ್ಲಿ ಹೆಚ್ಚಿನದ್ದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಶಾಲೆ ಶುರುವಾಗೋದೂ ಆಗಲೇ.

ಗುಂಡಿ, ಕಲ್ಲು ಇರೋ ರಸ್ತೆಯಲ್ಲಿ ಗಾಳಿ ಟಯರಿಗೂ ಗಟ್ಟಿ ಟಯರಿಗೂ ಇರೋ ವ್ಯತ್ಯಾಸ ಇನ್ನೂ ಹಿಗ್ಗುತ್ತೆ. ಗಾಳಿ ಟಯರು ಸಣ್ಣ ಕಲ್ಲನ್ನು ತನ್ನೊಳಗೆ ಒತ್ತಿಕೊಂಡು ದಾಟುತ್ತೆ. ಗಟ್ಟಿ ಟಯರು ಕಲ್ಲಿನ ಮೇಲೆ ಏರಿ ಇಳಿಯುತ್ತೆ. ಪ್ರತಿ ಸಲ ಏರುವಾಗಲೂ ಸೈಕಲ್ ಮತ್ತು ಸವಾರರನ್ನು ಎತ್ತಬೇಕು, ಇಳಿಯುವಾಗ ಬೆನ್ನಿಗೆ ಹೊಡೆತ. ಆ ಹೊಡೆತ ಚಕ್ರಕ್ಕೂ ಹೋಗುತ್ತೆ. ಟಯರು ತಡೆಯದ ಪೆಟ್ಟನ್ನು ರಿಮ್ಮು ಮತ್ತು ಸ್ಪೋಕುಗಳು ತಿನ್ನುತ್ತವೆ, ದಿನಕಳೆದಂತೆ ಸ್ಪೋಕು ತುಂಡಾಗುತ್ತೆ, ರಿಮ್ಮು ಓರೆಯಾಗುತ್ತೆ. ಪಂಕ್ಚರನ್ನು ಹೈಸ್ಕೂಲ್ ಮಗು ಕಲಿತು ತಾನೇ ಹಾಕಬಹುದು. ಓರೆಯಾದ ಚಕ್ರವನ್ನು ಸ್ಪೋಕ್ ಬಿಗಿದು ನೆಟ್ಟಗೆ ಮಾಡೋದಕ್ಕೆ ಪಳಗಿದ ಕೈ ಬೇಕು. ಸುಲಭದ ರಿಪೇರಿ ತಪ್ಪಿಸಿ ಕಷ್ಟದ ರಿಪೇರಿ ತಂದುಕೊಂಡ ಹಾಗೆ.

ಇನ್ನು ಹಿಡಿತ. ಆಟಿ ತಿಂಗಳಲ್ಲಿ ಕಾಂಕ್ರೀಟು ರಸ್ತೆಯ ಮೇಲೆ ಪಾಚಿ ಹಿಡಿಯೋದನ್ನು ಈ ಕಡೆಯವರು ಬಲ್ಲರು. ನಡೆಯೋರೇ ಜಾರಿ ಬೀಳ್ತಾರೆ. ಗಾಳಿ ಟಯರು ನೆಲಕ್ಕೆ ಒತ್ತಿಕೊಂಡು ಅಗಲವಾಗುತ್ತೆ, ನೆಲದ ಏರುಪೇರಿಗೆ ಅಂಟಿಕೊಳ್ಳುತ್ತೆ. ಗಟ್ಟಿ ಟಯರಿಗೆ ಆ ಬಾಗುವಿಕೆ ಕಡಿಮೆ. ಉಕ್ಕಿನ ರಿಮ್ಮಿನ ಮೇಲೆ ಒದ್ದೆ ಬ್ರೇಕ್ ರಬ್ಬರು ಮೊದಲೇ ಸರಿಯಾಗಿ ಹಿಡಿಯೋದಿಲ್ಲ. ಅದರ ಮೇಲೆ ಟಯರಿನ ಹಿಡಿತವೂ ಕಡಿಮೆಯಾದರೆ ಇಳಿಜಾರಿನ ಕೊನೆಯ ತಿರುವಿನಲ್ಲಿ ಏನಾಗಬಹುದು, ಯೋಚಿಸಿ. ಪಂಕ್ಚರ್ ಆದರೆ ತಡವಾಗುತ್ತೆ. ಜಾರಿದರೆ ಕೈಕಾಲು ಮುರಿಯುತ್ತೆ.

ಲಾಭ ಯಾರಿಗೆ?

ಗಾಳಿರಹಿತ ಟಯರು ದೊಡ್ಡ ಸಂಖ್ಯೆಯಲ್ಲಿ ನಿಜವಾಗಿ ಬಳಕೆಗೆ ಬಂದ ಒಂದು ಉದಾಹರಣೆ ಚೀನಾದ ಬಾಡಿಗೆ ಸೈಕಲ್ಲುಗಳು. 2016ರಲ್ಲಿ ಶಾಂಘೈನಲ್ಲಿ ಶುರುವಾದ ಮೊಬೈಕ್ ಕಂಪನಿಯ ಮೊದಲ ಸೈಕಲ್ಲುಗಳಿಗೆ ಗಟ್ಟಿ ಟಯರು, ಚೈನಿನ ಬದಲು ಶಾಫ್ಟು, ತೂಕ ಸುಮಾರು 25 ಕಿಲೋ. ಯಾಕೆ ಹಾಗೆ ಮಾಡಿದರು? ಕಂಪನಿಯ ಲಕ್ಷಾಂತರ ಸೈಕಲ್ಲುಗಳು ಊರಿಡೀ ಬಿದ್ದಿರುತ್ತವೆ. ಒಂದೊಂದು ಪಂಕ್ಚರಿಗೂ ಒಬ್ಬ ನೌಕರನನ್ನು ಕಳಿಸಬೇಕು, ಆ ಖರ್ಚು ಕಂಪನಿಯದ್ದು. ಸವಾರ ತುಳಿಯೋದು ಮೆಟ್ರೋ ನಿಲ್ದಾಣದಿಂದ ಆಫೀಸಿಗೆ, ಸಮತಟ್ಟು ರಸ್ತೆಯಲ್ಲಿ ಒಂದೆರಡು ಕಿಲೋಮೀಟರ್. ಭಾರವಾಗಿದೆ ಅಂತ ಜನ ಗೊಣಗಿದ ಮೇಲೆ ಕಂಪನಿ ಹಗುರವಾದ ಮಾದರಿಯನ್ನೂ ತಂತು.

ಆ ಲೆಕ್ಕದಲ್ಲಿ ತಪ್ಪೇನಿಲ್ಲ. ಸೈಕಲ್ಲಿನ ಮಾಲೀಕ ಬೇರೆ, ಸವಾರ ಬೇರೆ. ಪಂಕ್ಚರಿನ ಖರ್ಚು ಮಾಲೀಕನದ್ದು, ಉರುಳೋ ಭಾರ ಸವಾರನದ್ದು. ಮಾಲೀಕ ತನಗೆ ಅನುಕೂಲವಾದದ್ದನ್ನು ಆರಿಸಿದ. ಈ ಕಣ್ಣಿನಿಂದ ನಮ್ಮ ಸರ್ಕಾರಿ ಸೈಕಲ್ ಯೋಜನೆಯನ್ನು ನೋಡಿ. ಆರಿಸೋದು ಬೆಂಗಳೂರಿನ ಕಚೇರಿ, ಪೂರೈಸೋದು ಕಂಪನಿ, ತುಳಿಯೋದು ಮಗು. ‘ಪಂಕ್ಚರ್ ದೂರು ಬರಬಾರದು’ ಅನ್ನೋದು ಮೊದಲ ಇಬ್ಬರ ಅನುಕೂಲ. ‘ಹಗುರವಾಗಿ ಹೋಗಬೇಕು’ ಅನ್ನೋದು ಮೂರನೆಯವರ ಅನುಕೂಲ, ಆದರೆ ಟೆಂಡರ್ ಬರೆಯೋ ಕೋಣೆಯಲ್ಲಿ ಆ ಮೂರನೆಯವರಿಗೆ ಕುರ್ಚಿ ಇಲ್ಲ.

ಸೈಕಲ್ ಕೊಟ್ಟರು, ಪಂಪು ಕೊಟ್ಟರಾ?

ಕರ್ನಾಟಕದಲ್ಲಿ ಉಚಿತ ಸೈಕಲ್ ಯೋಜನೆ ಶುರುವಾದದ್ದು 2006-07ರಲ್ಲಿ, ಎಚ್.ಡಿ. ಕುಮಾರಸ್ವಾಮಿ ಮುಖ್ಯಮಂತ್ರಿ, ಬಿ.ಎಸ್. ಯಡಿಯೂರಪ್ಪ ಉಪಮುಖ್ಯಮಂತ್ರಿ ಮತ್ತು ಹಣಕಾಸು ಸಚಿವರಾಗಿದ್ದ ಕಾಲದಲ್ಲಿ. ಸರ್ಕಾರಿ ಮತ್ತು ಅನುದಾನಿತ ಪ್ರೌಢಶಾಲೆಗಳ 8ನೇ ತರಗತಿ ಮಕ್ಕಳಿಗೆ ಸೈಕಲ್. ಪಕ್ಷಗಳು ಬದಲಾದರೂ ಯೋಜನೆ ನಡೆಯಿತು, ವರ್ಷಕ್ಕೆ ಸುಮಾರು 5 ಲಕ್ಷ ಸೈಕಲ್ ಹಂಚೋ ಮಟ್ಟಕ್ಕೆ ಬೆಳೆಯಿತು. ಕಳಪೆ ಗುಣಮಟ್ಟದ ದೂರುಗಳೂ ಜೊತೆಗೇ ಬಂದವು. ಕೋವಿಡ್ ಬಂದು 2020-21ರಲ್ಲಿ ಹಂಚಿಕೆ ನಿಂತಿತು. ಶಾಲೆಗಳು ತೆರೆದವು, ಸೈಕಲ್ ಬರಲಿಲ್ಲ. 2023ರಲ್ಲಿ ಸರ್ಕಾರ ಬದಲಾದ ಮೇಲೂ ಅದು ಕೂಡಲೇ ಮರಳಲಿಲ್ಲ.

2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂತಲ್ಲ, ಹೆಣ್ಣುಮಕ್ಕಳಿಗೆ ಬಸ್ಸು ಉಚಿತವಾಯಿತಲ್ಲ ಅನ್ನಬಹುದು. ಒಳ್ಳೆಯ ಯೋಜನೆ. ಆದರೆ ಅದು ನಡೆಯೋದು ಸರ್ಕಾರಿ ಬಸ್ಸಿನಲ್ಲಿ, ದಕ್ಷಿಣ ಕನ್ನಡದ ಎಷ್ಟೋ ರೂಟುಗಳಲ್ಲಿ ಓಡೋದು ಖಾಸಗಿ ಬಸ್ಸು. ಬಸ್ಸೇ ಬಾರದ ಒಳರಸ್ತೆಗೆ ಎರಡೂ ಇಲ್ಲ. ಬಸ್ ಸ್ಟಾಪಿನವರೆಗಿನ ಆ ಎರಡು ಮೂರು ಕಿಲೋಮೀಟರಿಗೆ ಸೈಕಲ್ಲೇ ಬೇಕು.

ಸೈಕಲ್ಲಿನಿಂದ ಏನಾಗುತ್ತೆ ಅನ್ನೋದಕ್ಕೆ ಗಟ್ಟಿ ಸಾಕ್ಷಿ ಬಿಹಾರದಲ್ಲಿದೆ. ಅಲ್ಲಿ 2006ರಲ್ಲಿ 9ನೇ ತರಗತಿ ಸೇರೋ ಹುಡುಗಿಯರಿಗೆ ಸೈಕಲ್ ಕೊಳ್ಳಲು ಹಣ ಕೊಡೋ ಯೋಜನೆ ಶುರುವಾಯಿತು. ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಅನ್ನೋ ಅರ್ಥಶಾಸ್ತ್ರಜ್ಞರು 2017ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅದರಿಂದ ಪ್ರೌಢಶಾಲೆ ಸೇರೋ ಹುಡುಗಿಯರ ಪ್ರಮಾಣ ಶೇ. 32ರಷ್ಟು ಏರಿತು, ಹುಡುಗ-ಹುಡುಗಿಯರ ನಡುವಿನ ಅಂತರ ಶೇ. 40ರಷ್ಟು ಇಳಿಯಿತು. ಶಾಲೆ ದೂರ ಇದ್ದ ಹಳ್ಳಿಗಳಲ್ಲೇ ಪರಿಣಾಮ ಹೆಚ್ಚು. ಇನ್ನೊಂದು ಅಂಶ ನಮ್ಮ ವಿಷಯಕ್ಕೆ ಮುಖ್ಯ: ಅಲ್ಲಿ ಸೈಕಲ್ ಆರಿಸಿದ್ದು ಹುಡುಗಿಯ ಮನೆಯವರು, ಊರ ಹತ್ತಿರದ ಅಂಗಡಿಯಲ್ಲಿ. ಆ ಅಂಗಡಿಯಲ್ಲಿ ಟ್ಯೂಬೂ ಸಿಗುತ್ತೆ, ರಿಪೇರಿಯೂ ಆಗುತ್ತೆ. ನಮ್ಮಲ್ಲಿ ರಾಯಚೂರಿನ ಬಯಲಿಗೂ ಬೆಳ್ತಂಗಡಿಯ ಗುಡ್ಡಕ್ಕೂ ಒಂದೇ ಟೆಂಡರಿನ ಸೈಕಲ್ಲು.

ಅದರ ಜೊತೆ ರಿಪೇರಿಯ ವ್ಯವಸ್ಥೆ ಬರಲಿಲ್ಲ. ಇಲ್ಲೇ ಪಂಕ್ಚರ್ ಸಮಸ್ಯೆಯ ಬುಡ ಇರೋದು. ಮಕ್ಕಳು ‘ಪಂಕ್ಚರ್’ ಅಂತ ಹೇಳೋದರಲ್ಲಿ ಎಲ್ಲವೂ ಮುಳ್ಳು, ಮೊಳೆಯದ್ದಲ್ಲ. ನಮ್ಮ ಸಾದಾ ಸೈಕಲ್ಲಿನ ವಾಲ್ವಿನೊಳಗೆ ಒಂದು ಸಣ್ಣ ರಬ್ಬರ್ ಕೊಳವೆ ಇರುತ್ತೆ, ವಾಲ್ ಟ್ಯೂಬ್ ಅಂತಾರೆ. ಅದು ಹಳತಾಗಿ ಬಿರಿದರೆ ರಾತ್ರಿ ತುಂಬಿದ ಗಾಳಿ ಬೆಳಿಗ್ಗೆ ಇರೋದಿಲ್ಲ. ಬದಲಿಸೋದಕ್ಕೆ ಕೆಲವೇ ರೂಪಾಯಿ, ಒಂದು ನಿಮಿಷ. ಗಾಳಿ ಕಡಿಮೆ ಇದ್ದಾಗ ಗುಂಡಿಗೆ ಬಿದ್ದರೆ ರಿಮ್ಮು ಮತ್ತು ಕಲ್ಲಿನ ನಡುವೆ ಟ್ಯೂಬ್ ಸಿಕ್ಕಿ ಎರಡು ತೂತು ಒಟ್ಟಿಗೆ ಬೀಳುತ್ತೆ. ರಿಮ್ಮಿನೊಳಗಿನ ಪಟ್ಟಿ ಸವೆದರೆ ಸ್ಪೋಕಿನ ತುದಿ ಒಳಗಿಂದಲೇ ಚುಚ್ಚುತ್ತೆ. ಈ ಮೂರಕ್ಕೂ ಮದ್ದು ಪಂಪು, ಪಟ್ಟಿ, ಸ್ವಲ್ಪ ತಿಳಿವಳಿಕೆ. ಅದಕ್ಕಾಗಿ ಟಯರಿನ ತಂತ್ರಜ್ಞಾನವನ್ನೇ ಬದಲಿಸೋದು, ಸೋರೋ ನಲ್ಲಿಯ ವಾಷರ್ ಹಾಕೋ ಬದಲು ಬಾವಿ ಮುಚ್ಚಿದ ಹಾಗೆ.

ಪಂಕ್ಚರ್ ಅಂಗಡಿಗಳು ಕಡಿಮೆಯಾದದ್ದೂ ನಿಜ. ಈಗ ಅಂಗಡಿಗಳು ಬದುಕೋದು ಬೈಕು, ಕಾರಿನ ಟಯರಿನಿಂದ. ಸೈಕಲ್ ಟ್ಯೂಬಿಗೆ ಪ್ಯಾಚ್ ಹಾಕಿ ಅವರಿಗೆ ಹೊಟ್ಟೆ ತುಂಬೋದಿಲ್ಲ. ಆ ಕೆಲಸಕ್ಕೆ ನಾವು ಕೊಟ್ಟ ಮರ್ಯಾದೆಯಾದರೂ ಎಷ್ಟು? ‘ಪಂಕ್ಚರ್ ಹಾಕುವವರು’ ಅನ್ನೋದನ್ನು ಬೈಗುಳ ಮಾಡಿದ ರಾಜಕೀಯ ಭಾಷಣವನ್ನು 2019ರ ಪೌರತ್ವ ಕಾಯ್ದೆಯ ಗಲಾಟೆಯಲ್ಲಿ ಬೆಂಗಳೂರಿನಲ್ಲೇ ಕೇಳಿದ್ದೇವೆ. ಟ್ಯೂಬನ್ನು ನೀರಿನ ಬಕೆಟಿಗೆ ಹಾಕಿ ಗುಳ್ಳೆ ನೋಡಿ ತೂತು ಹುಡುಕಿ, ಉಜ್ಜಿ, ಸೊಲ್ಯೂಷನ್ ಹಚ್ಚಿ, ಒಣಗೋದನ್ನು ಕಾದು, ಪ್ಯಾಚ್ ಒತ್ತೋದು ಒಂದು ವಿದ್ಯೆ. ಯಾರೋ ಒಬ್ಬರು ಆ ವಿದ್ಯೆಯನ್ನು ಕೈಯಲ್ಲಿ ಉಳಿಸಿಕೊಂಡದ್ದರಿಂದ ಇಷ್ಟು ವರ್ಷ ಮಕ್ಕಳು ಶಾಲೆ ಮುಟ್ಟಿದ್ದಾರೆ.

ಗಾಳಿ ಇಲ್ಲದ ಟಯರು ಬೇಕಾದ ಜಾಗ

ಹಾಗಂತ ಈ ಟಯರನ್ನು ಪೂರ್ತಿ ತಳ್ಳಿಹಾಕೋದೂ ಸರಿಯಲ್ಲ. ಅದು ಬೇಕಾದವರು ಕೊಕ್ಕಡದಲ್ಲೇ ಇದ್ದಾರೆ.

ಕೊಕ್ಕಡ, ಪಟ್ರಮೆ, ನಿಡ್ಲೆಯ ಗೇರು ತೋಟಗಳ ಮೇಲೆ ಸಿಂಪಡಿಸಿದ ಎಂಡೋಸಲ್ಫಾನಿನ ಕತೆ ರಾಜ್ಯಕ್ಕೆ ಗೊತ್ತು. 2011ರಲ್ಲಿ ಮೊದಲು ಕರ್ನಾಟಕ ಸರ್ಕಾರ, ಆಮೇಲೆ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಅದನ್ನು ತಡೆಯಿತು. ಅಷ್ಟರಲ್ಲಿ ಆಗಬೇಕಾದ ಹಾನಿ ಆಗಿಹೋಗಿತ್ತು. ಎಂಡೋ ಪೀಡಿತರ ಪಾಲನಾ ಕೇಂದ್ರ ನಮ್ಮ ಊರಲ್ಲೇ ಇದೆ. ಗಾಲಿಕುರ್ಚಿಯಲ್ಲಿ ಕೂರೋ ಮಗನನ್ನು ನೋಡಿಕೊಳ್ಳೋ ಅಮ್ಮನಿಗೆ ಆ ಕುರ್ಚಿಯ ಟಯರು ಪಂಕ್ಚರ್ ಆದರೆ, ಮಗನನ್ನು ಎತ್ತಿ ಕೆಳಗೆ ಮಲಗಿಸಿ, ಚಕ್ರ ಬಿಚ್ಚಿ, ಅಂಗಡಿಗೆ ಕಳಿಸಿ, ಅಲ್ಲಿಯವರೆಗೆ ಕಾಯಬೇಕು. ಮನೆಯ ಒಳಗೆ, ಅಂಗಳದಲ್ಲಿ, ಕೇಂದ್ರದ ನೆಲದ ಮೇಲೆ ನಿಧಾನವಾಗಿ ಓಡೋ ಕುರ್ಚಿಗೆ ಉರುಳುವ ಭಾರ ಅಷ್ಟು ದೊಡ್ಡದಲ್ಲ, ಪಂಕ್ಚರಿನ ನಷ್ಟ ದೊಡ್ಡದು. ಅಲ್ಲಿ ಗಟ್ಟಿ ಟಯರೇ ಸರಿ. ತೋಟದೊಳಗೆ ಅಡಿಕೆ ಗೊನೆ, ಗೊಬ್ಬರ ಸಾಗಿಸೋ ಕೈಗಾಡಿಗೂ ಅದೇ ಮಾತು. ನಾಲ್ಕು ಹೆಜ್ಜೆ ದೂರ, ಮುಳ್ಳಿನ ನೆಲ.

ಸೈಕಲ್ಲಿನಲ್ಲೂ ಅಪವಾದ ಇದೆ. ಸಮತಟ್ಟು ಪೇಟೆಯಲ್ಲಿ ದಿನಕ್ಕೆ ಒಂದು ಕಿಲೋಮೀಟರ್ ಓಡಿಸೋರು, ಯಾವ ರಿಪೇರಿಯೂ ಕೈಲಾಗದ ವಯಸ್ಸಾದವರು, ಒಳ್ಳೆಯ ಗಾಳಿರಹಿತ ಟಯರಿಗೆ ದುಡ್ಡು ಕೊಡಬಲ್ಲವರು ಹಾಕಿಕೊಳ್ಳಲಿ. ಅಳೆಯೋ ಕೋಲು ಒಂದೇ: ಪಂಕ್ಚರಿನಿಂದ ಆಗೋ ನಷ್ಟ ಹೆಚ್ಚೋ, ದಿನಾ ತುಳಿಯೋ ಹೊರೆ ಹೆಚ್ಚೋ? ಅದನ್ನು ತುಳಿಯೋರೇ ಅಳೆಯಬೇಕು.

ಕೇಳಬೇಕಾದದ್ದು ಇದು

ಸೈಕಲ್ ಯೋಜನೆ ಮತ್ತೆ ಬರಲಿ ಅನ್ನೋದು ನಮ್ಮ ಮೊದಲ ಬೇಡಿಕೆ ಆಗಲಿ. ಬಂದಾಗ ಹಳೆಯ ಹಾಗೇ ಬರಬಾರದು.

ಒಂದು, ಟೆಂಡರಿನಲ್ಲಿ ಗಾಳಿ ಬೇಗ ಇಳಿಯದ ಬ್ಯುಟೈಲ್ ಟ್ಯೂಬ್ ಮತ್ತು ಒಳಗೆ ರಕ್ಷಣಾ ಪಟ್ಟಿ ಇರೋ ಗಾಳಿ ಟಯರು ಇರಲಿ. ಮುಳ್ಳು, ಮೊಳೆ ಪೂರ್ತಿ ತಡೆಯದಿದ್ದರೂ ಪಂಕ್ಚರುಗಳ ಸಂಖ್ಯೆ ಇಳಿಯುತ್ತೆ. ಹೆಚ್ಚೋ ಭಾರ ಗಟ್ಟಿ ಟಯರಿನ ಮುಂದೆ ಏನೂ ಅಲ್ಲ.

ಎರಡು, ಪ್ರತಿ ಪ್ರೌಢಶಾಲೆಗೆ ಒಂದು ಒಳ್ಳೆಯ ಪಂಪು, ಒಂದು ರಿಪೇರಿ ಪೆಟ್ಟಿಗೆ, ಅದನ್ನು ತುಂಬಿಸೋಕೆ ವರ್ಷಕ್ಕೊಂದು ಸಣ್ಣ ಮೊತ್ತ. ಎಸ್‌ಡಿಎಂಸಿ ಇದನ್ನು ನೋಡಿಕೊಳ್ಳಬಹುದು.

ಮೂರು, ಪಂಕ್ಚರ್ ಹಾಕೋದನ್ನು ಶಾಲೆಯಲ್ಲೇ ಕಲಿಸಿ, ಹುಡುಗಿಯರಿಗೂ. ರಾಜ್ಯದ ಕೆಲವು ಸರ್ಕಾರಿ ಪ್ರೌಢಶಾಲೆಗಳಲ್ಲಿ ವೃತ್ತಿಶಿಕ್ಷಣದಡಿ ಆಟೋಮೊಬೈಲ್ ವಿಷಯವೇ ಇದೆ. ಸೈಕಲ್ಲಿಗೆ ಅಷ್ಟು ದೊಡ್ಡ ವ್ಯವಸ್ಥೆಯೂ ಬೇಡ, ಶನಿವಾರದ ಎರಡು ಪೀರಿಯಡ್ ಸಾಕು. ಕಲಿಸೋದಕ್ಕೆ ಊರಿನ ಪಂಕ್ಚರ್ ಅಂಗಡಿಯವರನ್ನೇ ಗೌರವಧನ ಕೊಟ್ಟು ಕರೆಯಿರಿ. ಅವರಿಗೆ ಮಕ್ಕಳ ಮುಂದೆ ಮೇಷ್ಟ್ರಾಗಿ ನಿಲ್ಲೋ ಹಕ್ಕಿದೆ.

ನಾಲ್ಕು, ಗುಡ್ಡಗಾಡಿಗೂ ಬಯಲಿಗೂ ಒಂದೇ ಸೈಕಲ್ ಅನ್ನೋದು ನಿಲ್ಲಲಿ. ಜಿಲ್ಲೆವಾರು ಆಯ್ಕೆ ಕೊಡಿ, ಇಲ್ಲವೇ ಬಿಹಾರದ ಹಾಗೆ ಹಣ ಕೊಟ್ಟು ಮನೆಯವರಿಗೆ ಆರಿಸಲು ಬಿಡಿ. ಹಣ ಕೊಟ್ಟರೆ ಅಲ್ಲಿ ಇಲ್ಲಿ ಖರ್ಚಾಗುತ್ತೆ ಅನ್ನೋ ಭಯ ಇದ್ದರೆ ಬಿಲ್ಲು ಕೇಳಿ.

ಇದನ್ನು ಓದೋ ನೀವು ಕಾಲೇಜಿನಲ್ಲೋ ಸಂಘಟನೆಯಲ್ಲೋ ಇದ್ದರೆ ಒಂದು ಕೆಲಸ ಮಾಡಬಹುದು. ಹತ್ತು ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಡಿ ಶಿಕ್ಷಣ ಇಲಾಖೆಯನ್ನು ಕೇಳಿ: ಕೊನೆಯ ಸಲ ಸೈಕಲ್ ಕೊಂಡಾಗ ಟಯರು ಮತ್ತು ಟ್ಯೂಬಿಗೆ ಯಾವ ಮಾನದಂಡ ಇತ್ತು, ಅದನ್ನು ಪರೀಕ್ಷಿಸಿದವರು ಯಾರು, ರಿಪೇರಿಗೆ ಅಂತ ಎಷ್ಟು ಹಣ ತೆಗೆದಿಟ್ಟಿದ್ದರು? ಉತ್ತರದ ಪ್ರತಿಯನ್ನು ನಿಮ್ಮ ಶಾಸಕರ ಮೇಜಿನ ಮೇಲೆ ಇಡಿ. ಮುಂದಿನ ಟೆಂಡರ್ ಬರೆಯೋ ಮೊದಲು ಈ ಪ್ರಶ್ನೆಗಳು ಅಲ್ಲಿರಲಿ. ಬರೆದಾದ ಮೇಲೆ ಕೇಳಿದರೆ, ಆ ಟಯರನ್ನು ಒಂದು ಪೀಳಿಗೆಯ ಮಕ್ಕಳು ತುಳಿಯಬೇಕಾಗುತ್ತೆ.